ಚಿಟಿಕೆ ಹಾಕುವ ಮುನ್ನ

ಮಗಳೇ,

ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡಲು ಸೇರಿದ್ದೀ, ಅದರಲ್ಲೂ ಮೆಗ್ನೀಸಿಯಂ ಮಿಶ್ರಲೋಹವನ್ನೇ ಆರಿಸಿಕೊಂಡಿದ್ದೀ ಎಂದು ಕೇಳಿ ಮನಸ್ಸು ತುಂಬಿ ಬಂತು. ನಮ್ಮ ನೆಲ್ಯಾಡಿಯಲ್ಲಿ ಅಡಿಕೆಯ ದರ, ರಬ್ಬರಿನ ದರ, ಶಿರಾಡಿ ಘಾಟಿಯ ರಸ್ತೆ ಬಿಟ್ಟರೆ ಬೇರೆ ಮಾತು ಕಡಿಮೆ. ನಮ್ಮ ಮನೆಯಿಂದ ಇನ್ನೊಬ್ಬಳು ಈ ಹಗುರ ಲೋಹದ ಕುಲುಮೆಯ ಮುಂದೆ ನಿಲ್ಲುತ್ತಾಳೆ ಎಂದರೆ ದೊಡ್ಡಪ್ಪನಿಗೆ ಅದಕ್ಕಿಂತ ದೊಡ್ಡ ಸಂತೋಷ ಇನ್ನೆಂತದ್ದು? ಬೆಂಗಳೂರಿನ ಫೌಂಡ್ರಿಯೊಂದರಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಕರಗಿಸುತ್ತಲೇ ನನ್ನ ಸರ್ವಿಸು ಮುಗಿಯಿತು. ಪುಸ್ತಕದಲ್ಲಿರುವುದನ್ನು ನಿನ್ನ ಗೈಡ್ ಹೇಳಿಕೊಡುತ್ತಾರೆ. ನಾನು ಹೇಳಬೇಕೆಂದಿರುವುದು ಒಂದೇ ವಿಷಯ.

ಮೆಗ್ನೀಸಿಯಂಗೆ ಏನನ್ನಾದರೂ ಚಿಟಿಕೆಯಷ್ಟು ಸೇರಿಸುವ ಮುನ್ನ, ಅದರೊಳಗೆ ಆಗಲೇ ಏನೇನು ಉಂಟು ಎಂದು ನೋಡು. ಸೇರಿಸಿದ್ದು ಒಳ್ಳೆಯದು ಮಾಡುತ್ತದೋ ಕೆಟ್ಟದ್ದು ಮಾಡುತ್ತದೋ ಎಂಬುದು ಜೊತೆಗಿರುವುದರ ಮೇಲೆ ನಿಂತಿದೆ.

ಇದನ್ನು ಒತ್ತಿ ಹೇಳಲು ಕಾರಣ ಉಂಟು. ಎಝಡ್91 ಎಂಬ ಹೆಸರು ನಿನಗೆ ಈಗಾಗಲೇ ಬಾಯಿಪಾಠ ಆಗಿರಬೇಕು: ಅಲ್ಯೂಮಿನಿಯಂ ಶೇ 9, ಸತು ಶೇ 1, ಉಳಿದದ್ದು ಮೆಗ್ನೀಸಿಯಂ. ಅದಕ್ಕೆ ಇದನ್ನು ಅರ್ಧ ಶೇಕಡಾ ಹಾಕು, ಅದನ್ನು ಒಂದು ಶೇಕಡಾ ಹಾಕು, ಎಳೆದು ನೋಡು, ಹತ್ತು ಶೇಕಡಾ ಬಲ ಹೆಚ್ಚಿತು ಎಂದು ಪೇಪರ್ ಬರೆ ಎನ್ನುವ ಕ್ರಮ ಲೋಕದ ತುಂಬ ಬೆಳೆದಿದೆ. ಅಂಥ ಪೇಪರ್ ಓದಿ ಅದೇ ರೀತಿ ಎರಕ ಹೊಯ್ದರೆ ಹೆಚ್ಚಿನ ಸಲ ಆ ಫಲ ಸಿಗುವುದಿಲ್ಲ. ಬರೆದವರು ಸುಳ್ಳು ಹೇಳಿದ್ದಾರೆ ಎಂದಲ್ಲ. ಹಾಕಿದ್ದನ್ನು ಮಾತ್ರ ಬರೆದಿದ್ದಾರೆ, ಮೊದಲೇ ಇದ್ದುದನ್ನು ಬರೆದಿಲ್ಲ.

ಮೊದಲೇ ಇರುವುದರಲ್ಲಿ ಕಬ್ಬಿಣಕ್ಕೆ ಹೆದರು, ನಿಕಲ್‌ಗೆ ಇನ್ನೂ ಹೆಚ್ಚು ಹೆದರು. ಮೆಗ್ನೀಸಿಯಂ ಎಂದರೆ ಉಪ್ಪುನೀರು ತಾಗಿದರೆ ಕರಗಿಹೋಗುವ ಲೋಹ ಎಂಬ ಅಪವಾದ ಬಹಳ ಕಾಲ ಇತ್ತು. 1942ರಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯ ಹನವಾಲ್ಟ್ ಮತ್ತು ಸಂಗಡಿಗರು ಅದರ ಮೂಲ ಹುಡುಕಿದರು. ಶುದ್ಧ ಮೆಗ್ನೀಸಿಯಂನಲ್ಲಿ ಕಬ್ಬಿಣ ಹತ್ತು ಲಕ್ಷದಲ್ಲಿ 170 ಪಾಲು ದಾಟಿತೋ, ಸವೆತ ಒಮ್ಮೆಲೇ ಹತ್ತಾರು ಪಟ್ಟು ಏರುತ್ತದೆ. ನಿಕಲ್ ಆದರೆ ಹತ್ತು ಲಕ್ಷದಲ್ಲಿ 5 ಪಾಲೇ ಸಾಕು. ಆ ಗೆರೆಯ ಒಳಗಿರುವ ತನಕ ಸುಮ್ಮನಿರುವ ಲೋಹ, ಗೆರೆ ದಾಟಿದ ಕೂಡಲೇ ಕೆಡುತ್ತದೆ. ಕಬ್ಬಿಣ ಘನ ಮೆಗ್ನೀಸಿಯಂನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು. ಬೇರೆಯಾಗಿ ಸಣ್ಣ ಸಣ್ಣ ಕಣಗಳಾಗಿ ಕೂರುತ್ತದೆ. ನೀರು ತಾಗಿದಾಗ ಪ್ರತಿ ಕಣವೂ ಒಂದು ಪುಟ್ಟ ಬ್ಯಾಟರಿಯ ಧನ ತುದಿ, ಸುತ್ತಲಿನ ಮೆಗ್ನೀಸಿಯಂ ಋಣ ತುದಿ. ಕಣದ ಮೇಲೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಸುತ್ತಲಿನ ಲೋಹ ಕರಗುತ್ತದೆ.

ಈಗ ಎಲ್ಲ ಕಡೆ ಬಳಕೆಯಲ್ಲಿರುವ ಎಝಡ್91ಡಿ ಎಂಬ ಶುದ್ಧ ಜಾತಿ ಈ ತಿಳಿವಳಿಕೆಯಿಂದ ಹುಟ್ಟಿದ್ದು. ಅದರ ಎರಕದಲ್ಲಿ ನಿಕಲ್ ಶೇ 0.002 ಮೀರಬಾರದು, ಕಬ್ಬಿಣ ಶೇ 0.005 ಮೀರಬಾರದು. ಒಂದು ಕಿಲೋ ಲೋಹಕ್ಕೆ ನಿಕಲಿನ ಮಿತಿ 20 ಮಿಲಿಗ್ರಾಂ, ಅಂದರೆ ಒಂದು ಅಕ್ಕಿಕಾಳಿನ ತೂಕ. ನೀನು ಕಷ್ಟಪಟ್ಟು ತೂಗಿ ಹಾಕುವ 5 ಗ್ರಾಂ ಸೀರಿಯಂನ ಕೆಲಸವನ್ನೆಲ್ಲ ಆ ಒಂದು ಕಾಳು ಅಳಿಸಿಹಾಕಬಲ್ಲದು.

ಈ ನಿಕಲ್ ಎಲ್ಲಿಂದ ಬರುತ್ತದೆ ಗೊತ್ತುಂಟಾ? ಲ್ಯಾಬಿನ ಮೂಲೆಯಲ್ಲಿ ಫಳಫಳ ಹೊಳೆಯುತ್ತಾ ಇರುವ ಸ್ಟೇನ್‌ಲೆಸ್ ಸ್ಟೀಲಿನ ಕಲಕುಗೋಲಿನಿಂದ. 304 ದರ್ಜೆಯ ಸ್ಟೇನ್‌ಲೆಸ್ಸಿನಲ್ಲಿ ಶೇ 8ರಷ್ಟು ನಿಕಲ್ ಇರುತ್ತದೆ. ಅಲ್ಯೂಮಿನಿಯಂ, ತಾಮ್ರ ಕರಗಿಸಿದ ಹಳೆಯ ಕ್ರೂಸಿಬಲ್ ಕೂಡ ಹಾಗೆಯೇ ಅಪಾಯ. ಮೆಗ್ನೀಸಿಯಂಗೆ ಬೇಕಾದದ್ದು ಸಾದಾ ಮೈಲ್ಡ್ ಸ್ಟೀಲಿನ ಕ್ರೂಸಿಬಲ್, ಮೈಲ್ಡ್ ಸ್ಟೀಲಿನದ್ದೇ ಗೋಲು, ಅದೂ ಮೆಗ್ನೀಸಿಯಂಗೆಂದೇ ತೆಗೆದಿಟ್ಟದ್ದು. ಅದರಿಂದಲೂ ಸ್ವಲ್ಪ ಕಬ್ಬಿಣ ಕರಗುತ್ತದೆ; ಶಾಖ ಏರಿದಷ್ಟೂ, ಹೆಚ್ಚು ಹೊತ್ತು ಇಟ್ಟಷ್ಟೂ ಹೆಚ್ಚು. ಆದ್ದರಿಂದ 700 ಡಿಗ್ರಿಯಲ್ಲಿ ಆಗುವ ಕೆಲಸಕ್ಕೆ 800 ಡಿಗ್ರಿಗೆ ಏರಿಸಬೇಡ.

ಆ ಕಬ್ಬಿಣಕ್ಕೆ ಮದ್ದು ಮ್ಯಾಂಗನೀಸ್. ಎಝಡ್91ಡಿಯಲ್ಲಿ ಅದು ಶೇ 0.15ಕ್ಕಿಂತ ಕಡಿಮೆ ಇರಬಾರದು ಎಂದು ನಿಯಮ. ಮ್ಯಾಂಗನೀಸ್ ಅಲ್ಯೂಮಿನಿಯಂ ಜೊತೆ ಕೂಡಿ ಭಾರದ ಕಣಗಳಾಗುತ್ತದೆ, ಕಬ್ಬಿಣವನ್ನು ಒಳಗೆ ಎಳೆದುಕೊಂಡು ಕ್ರೂಸಿಬಲ್ಲಿನ ತಳಕ್ಕೆ ಇಳಿಯುತ್ತದೆ. ತಳಕ್ಕೆ ಇಳಿಯದೆ ಉಳಿದ ಕಬ್ಬಿಣವೂ ಆ ಕಣಗಳೊಳಗೆ ಸೇರಿಕೊಂಡರೆ ಅದರ ಉಪದ್ರ ಕಡಿಮೆ. ಕಬ್ಬಿಣ ಎಷ್ಟಿದೆ ಎಂಬುದರಷ್ಟೇ, ಮ್ಯಾಂಗನೀಸಿಗೆ ಅದರ ಅನುಪಾತ ಎಷ್ಟು ಎಂಬುದೂ ಮುಖ್ಯ. ಎಝಡ್91ಕ್ಕೆ ಆ ಅನುಪಾತ 0.032 ಮೀರಬಾರದು. ಹೊಯ್ಯುವಾಗ ತಳದ ಗಸಿಯನ್ನು ಕೆದಕಬೇಡ, ಕೊನೆಯ ಪಾಲನ್ನು ಕ್ರೂಸಿಬಲ್ಲಿನಲ್ಲೇ ಬಿಡು. ಲೋಹ ಹಾಳಾಯಿತು ಎಂದು ಬೇಸರಿಸಬೇಡ.

ಇದು ಕಾಲೇಜಿನ ಲ್ಯಾಬಿಗೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಳ್ಳಬೇಡ. ನಮ್ಮಲ್ಲಿ ರಬ್ಬರ್ ಮರ ಕೊಯ್ಯುವವರ ಕೈಯಲ್ಲಿರುವ ಚೈನ್‌ಸಾ ನೋಡಿದ್ದೀಯಲ್ಲ, ವೃತ್ತಿಯವರು ಬಳಸುವ ದೊಡ್ಡ ಮಾದರಿಗಳಲ್ಲಿ ಎಂಜಿನ್ನಿನ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂನದ್ದೇ. ಇಡೀ ದಿನ ಎತ್ತಿ ಹಿಡಿಯಬೇಕಾದ ಯಂತ್ರ, ಹಗುರ ಇರಲೇಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತಿಗೆ ಮೈಲುತುತ್ತು ಕದಡಿದ ಡ್ರಮ್ಮಿನ ಪಕ್ಕದಲ್ಲೇ ಚೈನ್‌ಸಾ ಇಟ್ಟಿರುತ್ತಾರೆ. ಬಣ್ಣ ಎದ್ದುಹೋದ ಜಾಗಕ್ಕೆ ಆ ನೀಲಿ ನೀರು ಬಿದ್ದರೆ ನೀರಿನಲ್ಲಿದ್ದ ತಾಮ್ರ ಮೆಗ್ನೀಸಿಯಂ ಮೇಲೆ ಬಂದು ಕೂರುತ್ತದೆ, ಕೂತಲ್ಲಿಂದ ಲೋಹವನ್ನು ತಿನ್ನಿಸುತ್ತಾ ಹೋಗುತ್ತದೆ. ಒಳಗೆ ಕಬ್ಬಿಣದ ಕಣ ಮಾಡುವ ಕೆಲಸವನ್ನೇ ಹೊರಗೆ ತಾಮ್ರ ಮಾಡುವುದು. ತೋಟಕ್ಕೆ ಬರುವವರಿಗೆಲ್ಲ ನಾನು ಹೇಳುವುದುಂಟು: ಮದ್ದಿನ ಡ್ರಮ್ಮಿನಿಂದ ಚೈನ್‌ಸಾ ದೂರ ಇಡಿ, ನೀರು ತಾಗಿದರೆ ಕೂಡಲೇ ತೊಳೆದು ಒರೆಸಿ.

ಈಗ ಬೇಕೆಂದೇ ಹಾಕುವ ಚಿಟಿಕೆಗಳ ವಿಷಯಕ್ಕೆ ಬರುತ್ತೇನೆ. ಮೆಗ್ನೀಸಿಯಂನ ಪರಮಾಣುಗಳು ಷಟ್ಕೋನದ ಜೋಡಣೆಯಲ್ಲಿ ಇರುವುದರಿಂದ ಸಾಮಾನ್ಯ ಶಾಖದಲ್ಲಿ ಅದರ ಹರಳು ಒಂದೇ ಒಂದು ಸಮತಲದ ಮೇಲೆ ಸುಲಭವಾಗಿ ಜಾರುತ್ತದೆ. ಅಲ್ಯೂಮಿನಿಯಂಗೆ ಜಾರಲು ಹಲವು ದಾರಿ. ಹಾಗಾಗಿ ಹರಳುಗಳನ್ನು ಸಣ್ಣದು ಮಾಡಿದರೆ ಅಲ್ಯೂಮಿನಿಯಂಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಲಾಭ ಮೆಗ್ನೀಸಿಯಂಗೆ ಸಿಗುತ್ತದೆ. ಹಾಲ್ ಮತ್ತು ಪೆಚ್ ಅವರ ಸಮೀಕರಣದಲ್ಲಿ ಬರುವ ಆ ಗುಣಾಂಕವನ್ನು ಎರಡೂ ಲೋಹಗಳಿಗೆ ಪಕ್ಕಪಕ್ಕ ಬರೆದು ನೋಡು, ತಿಳಿಯುತ್ತದೆ.

ಹರಳು ಸಣ್ಣ ಮಾಡುವುದರಲ್ಲಿ ಜಿರ್ಕೋನಿಯಂಗೆ ಸಾಟಿಯಿಲ್ಲ. 1937ರಲ್ಲಿ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಯಲ್ಲಿ ಸಾವರ್ವಾಲ್ಡ್ ಇದನ್ನು ಕಂಡುಕೊಂಡರು. ಒಂದು ಶೇಕಡಾಕ್ಕಿಂತ ಕಡಿಮೆ ಹಾಕಿದರೆ ಸಾಕು, ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳು 50 ಮೈಕ್ರಾನ್ ಆಸುಪಾಸಿಗೆ ಇಳಿಯುತ್ತವೆ. ಜಿರ್ಕೋನಿಯಂ ಕೂಡ ಷಟ್ಕೋನದ ಜೋಡಣೆಯದ್ದೇ. ಮೆಗ್ನೀಸಿಯಂನ ಜಾಲದ ಅಳತೆ 0.321 ನ್ಯಾನೋಮೀಟರ್ ಆದರೆ ಅದರದ್ದು 0.323. ಕರಗಿದ ಮೆಗ್ನೀಸಿಯಂ ಗಟ್ಟಿಯಾಗುವಾಗ ಜಿರ್ಕೋನಿಯಂ ಕಣದ ಮೇಲೆ ಹರಳು ಸಲೀಸಾಗಿ ಹುಟ್ಟಿಕೊಳ್ಳುತ್ತದೆ.

ಹಾಗಾದರೆ ಎಝಡ್91ಕ್ಕೂ ಒಂದು ಚಿಟಿಕೆ ಜಿರ್ಕೋನಿಯಂ ಹಾಕಿದರೆ ಆಯಿತಲ್ಲ ಎಂದು ನಿನಗೆ ಅನಿಸಬಹುದು. ಅಲ್ಲೇ ನಾನು ಹೇಳುತ್ತಿರುವ ವಿಷಯ ಇರುವುದು. ಅಲ್ಯೂಮಿನಿಯಂ ಇದ್ದಲ್ಲಿ ಜಿರ್ಕೋನಿಯಂ ಅದರ ಜೊತೆ ಸೇರಿ ಸಂಯುಕ್ತವಾಗಿ ತಳಕ್ಕೆ ಇಳಿಯುತ್ತದೆ, ಹರಳಿಗೆ ಬೀಜವಾಗಲು ಏನೂ ಉಳಿಯುವುದಿಲ್ಲ. ಮ್ಯಾಂಗನೀಸ್, ಸಿಲಿಕಾನ್, ಕಬ್ಬಿಣ ಇದ್ದರೂ ಹಾಗೆಯೇ. ಅಲ್ಯೂಮಿನಿಯಂ ಒಳ್ಳೆಯದು, ಜಿರ್ಕೋನಿಯಂ ಒಳ್ಳೆಯದು, ಎರಡೂ ಒಂದೇ ಕ್ರೂಸಿಬಲ್ಲಿಗೆ ಬಿದ್ದರೆ ಎರಡೂ ನಷ್ಟ. ಮೆಗ್ನೀಸಿಯಂ ಮಿಶ್ರಲೋಹಗಳು ಅಲ್ಯೂಮಿನಿಯಂ ಇರುವವು, ಜಿರ್ಕೋನಿಯಂ ಇರುವವು ಎಂದು ಎರಡು ಕುಟುಂಬಗಳಾಗಿ ಬೇರೆ ಬೇರೆ ಬೆಳೆದದ್ದು ಈ ಒಂದು ಕಾರಣಕ್ಕೆ.

ಜಿರ್ಕೋನಿಯಂನ ಇನ್ನೊಂದು ತೊಂದರೆ ಭಾರ. ಅದರ ಸಾಂದ್ರತೆ 6.5, ಮೆಗ್ನೀಸಿಯಂನದ್ದು 1.74. ಹಾಕಿದ್ದೆಲ್ಲ ನಿಧಾನವಾಗಿ ಕೆಳಗಿಳಿಯುತ್ತದೆ. ಹೊಯ್ಯುವ ಮೊದಲು ಚೆನ್ನಾಗಿ ಕಲಕು, ಕಲಕಿದ ಮೇಲೆ ಹೆಚ್ಚು ಕಾಯಬೇಡ. ಮ್ಯಾಂಗನೀಸಿಗೆ ತಳ ಕೆದಕಬೇಡ ಎಂದೆ, ಜಿರ್ಕೋನಿಯಂಗೆ ತಳದಿಂದ ಎಬ್ಬಿಸು ಎನ್ನುತ್ತಿದ್ದೇನೆ. ಕುಟುಂಬ ಬೇರೆಯಾದರೆ ಕೆಲಸದ ಕ್ರಮವೂ ಬೇರೆ. ಕುಲುಮೆಗೆ ಎಷ್ಟು ಹಾಕಿದೆ ಎಂಬ ಲೆಕ್ಕ ಬೇಡ, ಎರಕದಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕ ಬರೆ. ಉಳಿದದ್ದರಲ್ಲೂ ಆಸಿಡ್ಡಿನಲ್ಲಿ ಕರಗುವ ಪಾಲು ಎಷ್ಟು ಎಂದು ಬೇರೆ ತೋರಿಸು. ಹರಳು ಸಣ್ಣದಾಗುವುದರಲ್ಲಿ ದೊಡ್ಡ ಕೆಲಸ ಅದರದ್ದು.

ಈ ಎರಡನೇ ಕುಟುಂಬದ ಝಡ್‌ಇ41 ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕವಚಕ್ಕೆ ಹೆಸರಾದದ್ದು. ಸತು ಸುಮಾರು ಶೇ 4, ವಿರಳ ಭಸ್ಮ ಲೋಹಗಳು ಶೇ 1ಕ್ಕಿಂತ ಸ್ವಲ್ಪ ಹೆಚ್ಚು, ಜಿರ್ಕೋನಿಯಂ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಹೆಚ್ಚು. ವಿರಳ ಭಸ್ಮಗಳು ಸತುವಿನೊಡನೆ ಸೇರಿ ಹರಳಿನ ಅಂಚುಗಳಲ್ಲಿ ಕೂತು ಬಿಸಿಯಲ್ಲಿ ಬಲ ಕೊಡುತ್ತವೆ. ಅದೇ ಅಂಚಿನ ಪಕ್ಕದಲ್ಲಿ ಸವೆತವೂ ಮೊದಲಾಗುತ್ತದೆ. ಕೊಟ್ಟದ್ದು, ಕಿತ್ತುಕೊಂಡದ್ದು ಎರಡೂ ಒಂದೇ ಚಿಟಿಕೆ. ನಿಮ್ಮ ಎನ್‌ಐಟಿಕೆಯಲ್ಲೇ ನಂದಿನಿ ದಿನೋಡಿ ಮತ್ತು ಎ. ನಿತ್ಯಾನಂದ ಶೆಟ್ಟಿ ಈ ಲೋಹವನ್ನು ಉಪ್ಪುನೀರಿನಲ್ಲಿಟ್ಟು, ಸಾಬೂನಿನ ಬಳಗಕ್ಕೆ ಸೇರಿದ ಕೊಬ್ಬಿನಾಮ್ಲದ ಲವಣಗಳಿಂದ ಸವೆತ ತಡೆಯಲು ಆಗುತ್ತದೆಯೇ ಎಂದು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ವಿಭಾಗ ಬೇರೆಯಾದರೆ ಏನಂತೆ, ಕ್ಯಾಂಪಸ್ಸು ಒಂದೇ. ವಿದೇಶದ ಪೇಪರ್ ಹುಡುಕುವ ಮೊದಲು ಇದನ್ನು ಓದು. ಲೋಹಕ್ಕೆ ಏನನ್ನೂ ಸೇರಿಸದೆ ನೀರಿಗೆ ಸೇರಿಸಿಯೂ ಸವೆತ ಕಡಿಮೆ ಮಾಡುವ ದಾರಿ ಉಂಟು ಎಂದು ತಿಳಿಯುತ್ತದೆ.

ನನಗೆ ಬಹಳ ಇಷ್ಟವಾದ ಇನ್ನೊಂದು ಕೆಲಸ ತಿರುವನಂತಪುರದ್ದು. ಈಗ ಎನ್‌ಐಐಎಸ್‌ಟಿ ಎಂದು ಹೆಸರಾದ ಸಿಎಸ್‌ಐಆರ್ ಪ್ರಯೋಗಾಲಯದಲ್ಲಿ ಶ್ರೀನಿವಾಸನ್, ಪಿಳ್ಳೈ, ಪೈ ಎಂಬ ಮೂವರು 2005ರಲ್ಲಿ ಪ್ರಕಟಿಸಿದ್ದು. ಎಝಡ್91ರಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಸೇರಿ ಬೀಟಾ ಎಂಬ ಸಂಯುಕ್ತ ಆಗುತ್ತದೆ. ಅದು 120 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಆದ್ದರಿಂದಲೇ ಎಝಡ್91 ಬಿಸಿ ಎಂಜಿನ್ನಿನ ಹತ್ತಿರ ನಿಲ್ಲಲಾರದು. ಸಿಲಿಕಾನ್ ಹಾಕಿದರೆ ಬಿಸಿಗೆ ಜಗ್ಗದ ಮೆಗ್ನೀಸಿಯಂ ಸಿಲಿಸೈಡ್ ಹುಟ್ಟುತ್ತದೆ. ಆದರೆ ನಿಧಾನ ತಣಿಯುವ ಎರಕದಲ್ಲಿ ಅದು ಚೀನೀ ಅಕ್ಷರದ ಹಾಗೆ ಕವಲೊಡೆದು ಹರಡುತ್ತದೆ, ಬಿರುಕು ಅಲ್ಲಿಂದಲೇ ಏಳುತ್ತದೆ. ಇವರು ಆ ಲೋಹಕ್ಕೆ ಅತ್ಯಲ್ಪ ಆಂಟಿಮನಿ ಸೇರಿಸಿದರು. ಕವಲೊಡೆದ ಸಿಲಿಸೈಡ್ ಒಡೆದು ಸಣ್ಣ ಬಹುಕೋನದ ಕಣಗಳಾಗಿ ಹರಡಿಕೊಂಡಿತು, ಬಲ ಸುಧಾರಿಸಿತು. ಒಂದು ಚಿಟಿಕೆ ಮಾಡಿದ ಒಳ್ಳೆಯದನ್ನು ಉಳಿಸಿಕೊಂಡು, ಅದು ತಂದ ಕೆಡುಕನ್ನು ಇನ್ನೊಂದರಿಂದ ತಿದ್ದಿದ್ದು. ಎರಡನ್ನು ಸೇರಿಸುವುದಾದರೆ ಹೀಗೆ, ಒಂದಕ್ಕೊಂದು ಕಾರಣ ಇಟ್ಟುಕೊಂಡು ಸೇರಿಸಬೇಕು.

ನಿನ್ನದು ಕ್ಯಾಲ್ಸಿಯಂ ಮತ್ತು ಸೀರಿಯಂ ಎಂದು ನಿನ್ನ ಅಮ್ಮ ಹೇಳಿದಳು. ಸೀರಿಯಂ ಒಳ್ಳೆಯ ಆಯ್ಕೆ. ರಾಜಾ ಮಿಶ್ರಾ, ಹಿರಿಯ ಲೋಹವಿಜ್ಞಾನಿ ಪಿ. ರಾಮರಾವ್ ಮುಂತಾದವರ ತಂಡ 2008ರಲ್ಲಿ ತೋರಿಸಿದ್ದನ್ನು ಓದು: ಮೆಗ್ನೀಸಿಯಂಗೆ ಬರೀ ಶೇ 0.2 ಸೀರಿಯಂ ಸೇರಿಸಿ ಎಕ್ಸ್‌ಟ್ರೂಷನ್ ಮಾಡಿದರೆ ಹರಳುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಲ್ಲುವುದು ತಪ್ಪುತ್ತದೆ, ಲೋಹ ಮುರಿಯದೆ ಎಷ್ಟೋ ಹೆಚ್ಚು ಎಳೆಯಬಹುದು. ಅಲ್ಲಿ ಜೊತೆಯಲ್ಲಿ ಅಲ್ಯೂಮಿನಿಯಂ ಇರಲಿಲ್ಲ, ನೆನಪಿರಲಿ. ಅಲ್ಯೂಮಿನಿಯಂ ಇದ್ದರೆ ಸೀರಿಯಂ ಅದರ ಕಡೆ ಹೋಗಿ ಸೂಜಿಯಂಥ ಸಂಯುಕ್ತ ಆಗುತ್ತದೆ, ಹರಳಿನ ದಿಕ್ಕು ಬದಲಿಸಲು ಉಳಿಯುವುದು ಅಲ್ಪ.

ಕ್ಯಾಲ್ಸಿಯಂ ಕೂಡ ಮೊದಲು ಹುಡುಕುವುದು ಅಲ್ಯೂಮಿನಿಯಂ ಅನ್ನೇ. ತೂಕದಲ್ಲಿ ಕ್ಯಾಲ್ಸಿಯಂ ಅಲ್ಯೂಮಿನಿಯಂನ 0.8 ಪಾಲು ದಾಟುವ ತನಕ ಮುಖ್ಯವಾಗಿ ಅವೆರಡರ ಸಂಯುಕ್ತ. ದಾಟಿದ ಮೇಲೆ ಮೆಗ್ನೀಸಿಯಂ ಜೊತೆಗಿನದ್ದೂ ಕಾಣಿಸಿಕೊಳ್ಳುತ್ತದೆ. ಮೆತ್ತಗಾಗುವ ಬೀಟಾ ಕಡಿಮೆಯಾಗಿ ಬಿಸಿ ತಾಳುವ ಶಕ್ತಿ ಹೆಚ್ಚುತ್ತದೆ. ಆದರೆ ಕ್ಯಾಲ್ಸಿಯಂ ಒಂದು ಶೇಕಡಾದ ಹತ್ತಿರ ಬಂದಾಗ ಡೈಗೆ ಅಂಟಿಕೊಳ್ಳುವುದು, ಬಿಸಿಯಲ್ಲೇ ಬಿರಿಯುವುದು ಶುರುವಾಗುತ್ತದೆ ಎಂದು ಎರಕದವರೆಲ್ಲ ಬಲ್ಲರು. ಬಿಸಿ ತಾಳಲು ಬೇರೆಯವರು ಬೇರೆ ದಾರಿ ಹಿಡಿದದ್ದೂ ಉಂಟು. ಬಿಎಂಡಬ್ಲ್ಯು 2004ರಲ್ಲಿ ತಂದ ಆರು ಸಿಲಿಂಡರಿನ ಎಂಜಿನ್ನಿಗೆ ಕ್ಯಾಲ್ಸಿಯಂ ಬದಲು ಶೇ 2ರಷ್ಟು ಸ್ಟ್ರಾನ್ಷಿಯಂ ಇರುವ ಲೋಹ ಬಳಸಿತು. ತಂಪು ಮಾಡುವ ನೀರು ಮೆಗ್ನೀಸಿಯಂಗೆ ತಾಗದಂತೆ ಒಳಗೆ ಅಲ್ಯೂಮಿನಿಯಂನ ತಿರುಳು ಇಟ್ಟಿತು.

ಕ್ಯಾಲ್ಸಿಯಂನಿಂದ ಇನ್ನೊಂದು ಉಪಕಾರ ಬೆಂಕಿಯ ವಿಷಯದಲ್ಲಿ. ಮೆಗ್ನೀಸಿಯಂ ಮೇಲಿನ ಆಕ್ಸೈಡ್ ಪೊರೆ ತನ್ನ ಕೆಳಗಿನ ಲೋಹವನ್ನು ಪೂರ್ತಿ ಮುಚ್ಚುವಷ್ಟು ಅಗಲ ಬೆಳೆಯುವುದಿಲ್ಲ, ಬಿರುಕಿನಿಂದ ಗಾಳಿ ಒಳಗೆ ಹೋಗುತ್ತದೆ. ಕ್ಯಾಲ್ಸಿಯಂ ಸೇರಿದರೆ ಪೊರೆ ಬಿಗಿಯಾಗಿ ಹೊತ್ತಿಕೊಳ್ಳುವ ಶಾಖ ಮೇಲಕ್ಕೆ ಹೋಗುತ್ತದೆ. ಡೈಕಾಸ್ಟಿಂಗ್ ಗಟ್ಟಿಗಳಲ್ಲಿ ಇದೇ ಕೆಲಸಕ್ಕೆ ಬೆರಿಲಿಯಂ ಹಾಕುತ್ತಾರೆ, ಹತ್ತು ಲಕ್ಷದಲ್ಲಿ 5ರಿಂದ 15 ಪಾಲು ಮಾತ್ರ. ಬೆರಿಲಿಯಂ ಹೊಗೆ, ಪುಡಿ ಶ್ವಾಸಕೋಶಕ್ಕೆ ವಿಷ. ಕಾಲೇಜಿನಲ್ಲಿ ಅದನ್ನು ಮುಟ್ಟಲೇಬೇಡ. ಹಿಂದೆ ಎಲ್ಲರೂ ಬೆಂಕಿ ತಡೆಯಲು ಕುಲುಮೆಯ ಮೇಲೆ ಬಿಡುತ್ತಿದ್ದ ಎಸ್‌ಎಫ್6 ಅನಿಲ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 20,000 ಪಟ್ಟಿಗೂ ಹೆಚ್ಚು. ಅದನ್ನು ಕೈಬಿಡುವುದಕ್ಕೆ ಕ್ಯಾಲ್ಸಿಯಂ ದಾರಿ ಮಾಡಿಕೊಡುತ್ತದೆ ಎಂಬುದೇ ನಿನ್ನ ಕೆಲಸಕ್ಕೆ ಒಂದು ದೊಡ್ಡ ಬೆಲೆ.

ಬೆಂಕಿಯ ಮಾತು ಬಂತು, ಇದನ್ನು ಗಮನ ಇಟ್ಟು ಓದು. ಆಟಿ ತಿಂಗಳಲ್ಲಿ ಸುರತ್ಕಲ್ಲಿನ ಗಾಳಿ ಹಿಂಡಿದರೆ ನೀರು ಬೀಳುವಂತಿರುತ್ತದೆ. ಗಟ್ಟಿ, ಗೋಲು, ಸೌಟು, ಅಚ್ಚು, ಸೇರಿಸುವ ಚೂರು, ಎಲ್ಲವನ್ನೂ ಬಿಸಿ ಮಾಡಿ ಒಣಗಿಸಿಯೇ ಕರಗಿದ ಲೋಹಕ್ಕೆ ತಾಗಿಸು. ಒಂದು ಹನಿ ತೇವ ಕರಗಿದ ಮೆಗ್ನೀಸಿಯಂ ಒಳಗೆ ಹೋದರೆ ಆವಿಯಾಗಿ ಸಿಡಿಯುತ್ತದೆ, ಹೈಡ್ರೋಜನ್ ಬಿಟ್ಟು ಉರಿಯುತ್ತದೆ. ಹೊತ್ತಿಕೊಂಡರೆ ನೀರು ಬೇಡ, ಸಾಮಾನ್ಯ ಫೋಮ್ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿ ಕೈಗೆ ಎಟಕುವಲ್ಲಿ ಇರಲಿ. ಕುಲುಮೆಯ ಹತ್ತಿರ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ, ಹತ್ತಿಯದ್ದೇ ಹಾಕು. ಒಬ್ಬಳೇ ಇರುವಾಗ ಕುಲುಮೆ ಹಚ್ಚಲೇಬೇಡ.

ಸ್ಯಾಂಪಲ್ ಪಾಲಿಶ್ ಮಾಡುವಾಗ ಕೊನೆಯ ಹಂತಗಳಲ್ಲಿ ನೀರು ಬಿಟ್ಟು ಸ್ಪಿರಿಟ್ಟಿಗೆ ಬಾ. ನೀರು ತಾಗಿದ ಮೆಗ್ನೀಸಿಯಂ ನೋಡುನೋಡುತ್ತಿದ್ದಂತೆ ಮಂಕಾಗುತ್ತದೆ, ಆ ಮಂಕನ್ನೇ ಹೊಸ ಸಂಯುಕ್ತ ಎಂದು ಬರೆದವರೂ ಇದ್ದಾರೆ. ಪಿಕ್ರಿಕ್ ಆಸಿಡ್ ಮತ್ತು ಅಸಿಟಿಕ್ ಆಸಿಡ್ ಸೇರಿದ ದ್ರಾವಣದಲ್ಲಿ ಕೆಲವೇ ಸೆಕೆಂಡು ಅದ್ದಿ, ತೊಳೆದು, ಬಿಸಿಗಾಳಿಗೆ ಹಿಡಿ. ಹರಳುಗಳು ಒಂದೊಂದೂ ಬೇರೆ ಬೇರೆ ಛಾಯೆಯಲ್ಲಿ ಎದ್ದು ಕಾಣುತ್ತವೆ, ಅಂಚಿನಲ್ಲಿ ಬೀಟಾ ಬಿಳಿಯಾಗಿ ನಿಲ್ಲುತ್ತದೆ. ಪಿಕ್ರಿಕ್ ಆಸಿಡ್ ಬಾಟಲಿಯ ಮುಚ್ಚಳದ ಸುತ್ತ ಒಣಗಲು ಬಿಡಬೇಡ, ಒಣಗಿದರೆ ಅದು ಸ್ಫೋಟಕ.

ಒಂದು ವರ್ಷದಲ್ಲಿ ಏಳೆಂಟು ಸೇರ್ಪಡೆ ಪರೀಕ್ಷಿಸುವ ಆಸೆ ಬೇಡ. ಏನೂ ಸೇರಿಸದ ಲೋಹವನ್ನೂ ಅದೇ ಶಾಖದಲ್ಲಿ, ಅಷ್ಟೇ ಹೊತ್ತು, ಅಷ್ಟೇ ಕಲಕಿ, ಅದೇ ಅಚ್ಚಿಗೆ ಹೊಯ್ಯಿ. ಬರೀ ಕಲಕಿದ್ದರಿಂದ ಹರಳು ಸಣ್ಣದಾಗಿದ್ದರೆ ಅದರ ಯಶಸ್ಸು ಸೀರಿಯಂಗೆ ಹೋಗಬಾರದು. ಫಲ ಬಾರದ ಎರಕದ ಅಂಕಿಯನ್ನೂ ಬರೆದಿಡು, ಮುಂದೆ ಬರುವವರಿಗೆ ಅದು ಬೇಕು.

ಮೊದಲ ಎರಕ ಆದ ಕೂಡಲೇ ಎಳೆದು ನೋಡುವ ಮೆಷಿನ್ನಿಗೆ ಓಡಬೇಡ. ಒಂದು ಚೂರು ಕತ್ತರಿಸಿ ರಾಸಾಯನಿಕ ವಿಶ್ಲೇಷಣೆಗೆ ಕೊಡು. ಕಬ್ಬಿಣ, ನಿಕಲ್, ತಾಮ್ರ, ಮ್ಯಾಂಗನೀಸ್ ಈ ನಾಲ್ಕರ ಅಂಕಿ ಬಂದ ಮೇಲೆ ಅದನ್ನು ನಿನ್ನ ಪ್ರಬಂಧದ ಮೊದಲ ಕೋಷ್ಟಕದಲ್ಲಿ ಹಾಕು, ಕ್ಯಾಲ್ಸಿಯಂ ಸೀರಿಯಂ ಅದರ ನಂತರ ಬರಲಿ. ದೀಪಾವಳಿಗೆ ಊರಿಗೆ ಬರುವಾಗ ಆ ಕೋಷ್ಟಕದ ಒಂದು ಪ್ರತಿ ನನಗೂ ತಾ.